ಕೊಟ್ಟಿಗೆಗೊಂದು ಪುಟ್ಟ ಟ್ರ್ಯಾಕ್ಟರು

ಊರಿನಲ್ಲಿ ನಾಲ್ಕಾರು ಎಕರೆ ಜಮೀನು, ಪಟ್ಟಣದಲ್ಲಿ ನೌಕರಿ — ಹೀಗೆ ಎರಡು ದೋಣಿಗಳ ಮೇಲೆ ಒಂದೊಂದು ಕಾಲನ್ನಿಟ್ಟು ನಿಂತಿರುವ ಸಂಸಾರಗಳು ಕನ್ನಡ ನಾಡಿನಲ್ಲಿ ಎಷ್ಟೋ ಉಂಟು. ಹಬ್ಬಕ್ಕೆಂದು ಅಣ್ಣತಮ್ಮಂದಿರು ಒಂದುಗೂಡಿ, ಹೋಳಿಗೆಯ ಊಟ ಮುಗಿದು, ಎಲೆಯಡಿಕೆಯ ತಟ್ಟೆ ನಡುಮನೆಗೆ ಬಂದೊಡನೆ ಇಂಥ ಮನೆಗಳಲ್ಲಿ ಏಳುವ ಮಾತು ಈಚೆಗೆ ಒಂದೇ: “ಒಂದು ಪುಟ್ಟ ಟ್ರ್ಯಾಕ್ಟರನ್ನು ಕೊಂಡುಬಿಟ್ಟರೆ ಹೇಗೆ?” ಎತ್ತುಗಳನ್ನು ಸಾಕುವವರಿಲ್ಲ, ಮೇವನ್ನು ಒಟ್ಟುವವರಿಲ್ಲ, ಆಳುಗಳು ಬೇಕಾದ ದಿನ ಸಿಕ್ಕುವುದಿಲ್ಲ. ಒಂದು ಕಾಲದಲ್ಲಿ ಜೋಡೆತ್ತುಗಳು ಮೆಲುಕು ಹಾಕುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಹಳೆಯ ಮಂಚವೂ ತೆಂಗಿನ ಸಿಪ್ಪೆಯೂ ತುಂಬಿಕೊಂಡಿವೆ. ೨೦೨೦ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯಿದೆಗೆ ತಿದ್ದುಪಡಿಯಾದ ಮೇಲೆ, ವ್ಯವಸಾಯದ ಗಂಧವಿಲ್ಲದ ಪಟ್ಟಣಿಗರೂ ಹೊಲ ತೋಟಗಳನ್ನು ಕೊಳ್ಳಬಹುದಾಗಿದೆ. ಅವರಿಗಂತೂ ಬೇಲಿಯ ಮುಂದಿನ ಹೆಜ್ಜೆಯೇ ಟ್ರ್ಯಾಕ್ಟರು.

ಪ್ರಶ್ನೆಯೇನೋ ಸರಿಯಾದುದೇ. ಆದರೆ ಉತ್ತರವನ್ನು ಹುಡುಕುವ ದಾರಿ ಬಹಳ ಸಲ ತಲೆಕೆಳಗಾಗುತ್ತದೆ. ಜನ ಮೊದಲು ಅಂಗಡಿಗೆ ಹೋಗುತ್ತಾರೆ, ಬಣ್ಣವನ್ನು ನೋಡುತ್ತಾರೆ, ಬೆಲೆಯನ್ನು ಕೇಳುತ್ತಾರೆ, ಕಡೆಗೆ, ಕೊಂಡದ್ದು ಮನೆಗೆ ಬಂದ ಮೇಲೆ, ಅದು ತೋಟದ ಸಾಲಿನೊಳಗೆ ಹೋಗುವುದೋ ಇಲ್ಲವೋ ಎಂದು ಅಳೆಯುತ್ತಾರೆ. ಅಂಗಡಿಯಿಂದ ಹೊಲಕ್ಕೆ ಬರುವ ಬದಲು ಹೊಲದಿಂದ ಅಂಗಡಿಗೆ ಹೋಗುವುದು ಕ್ಷೇಮ.

ಈ ಪುಟ್ಟ ಯಂತ್ರದ ಕುಲಗೋತ್ರವನ್ನು ತುಸು ತಿಳಿದರೆ ಅದರ ಗುಣವೂ ತಿಳಿಯುತ್ತದೆ. ಮೊದಮೊದಲಿನ ಟ್ರ್ಯಾಕ್ಟರುಗಳು ಬರಿಯ ಕಬ್ಬಿಣದ ಎತ್ತುಗಳು. ಹಿಂದೆ ಕಟ್ಟಿದ ನೇಗಿಲನ್ನು ಎಳೆಯುವುದಷ್ಟೇ ಅವುಗಳ ಕೆಲಸ. ನೆಲವನ್ನು ಹಿಡಿದು ಎಳೆಯಬೇಕಾದರೆ ಅವು ಭಾರವಾಗಿಯೇ ಇರಬೇಕಾಗಿತ್ತು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಯಂತ್ರದ ಮೂತಿ ಮೇಲಕ್ಕೆದ್ದು ಚಾಲಕನ ಮೇಲೆಯೇ ಮಗುಚಿಕೊಳ್ಳುವ ಭಯವೂ ಇತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಎಂಬ ಯಂತ್ರಜ್ಞನು ನೇಗಿಲನ್ನು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿನ ಬೆನ್ನಿಗೇ ಜೋಡಿಸಿ, ಎಣ್ಣೆಯ ಒತ್ತಡದಿಂದ ಅದನ್ನು ಎತ್ತಿ ಇಳಿಸುವ ಉಪಾಯವನ್ನು ಕಂಡುಹಿಡಿದನು. ಇದರಿಂದ ನೇಗಿಲಿನ ಸೆಳೆತವೇ ಹಿಂದಿನ ಗಾಲಿಗಳನ್ನು ನೆಲಕ್ಕೆ ಅದುಮುವಂತಾಯಿತು. ಹಗುರವಾದ ಯಂತ್ರವೂ ಭಾರಿಯ ಯಂತ್ರದ ಕೆಲಸವನ್ನು ಮಾಡತೊಡಗಿತು. ೧೯೪೬ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾಗತೊಡಗಿದ ಅವನ ಪುಟ್ಟ ಬೂದುಬಣ್ಣದ ಟ್ರ್ಯಾಕ್ಟರುಗಳು ಹತ್ತೇ ವರ್ಷಗಳಲ್ಲಿ ೫ ಲಕ್ಷಕ್ಕೂ ಮಿಕ್ಕಿ ಹೊರಬಂದವು. ಎವರೆಸ್ಟನ್ನು ಏರಿದ ಎಡ್ಮಂಡ್ ಹಿಲರಿಯು ೧೯೫೮ರ ಜನವರಿ ೪ರಂದು ದಕ್ಷಿಣ ಧ್ರುವವನ್ನು ಮುಟ್ಟಿದ್ದು ಈ ಜಾತಿಯ ಟ್ರ್ಯಾಕ್ಟರುಗಳ ಮೇಲೆ ಕುಳಿತೇ. ಹಿಮದ ಮೇಲೆ ಧ್ರುವದವರೆಗೆ ನಡೆದ ಯಂತ್ರಕ್ಕೆ ರಾಗಿಯ ಹೊಲ ಯಾವ ಲೆಕ್ಕ!

ಭಾರತದಲ್ಲಿ ೧೯೫೯ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಟ್ರ್ಯಾಕ್ಟರು ಹೊರಬಂದಿತು. ದುರ್ಗಾಪುರದ ಸಂಶೋಧನಾಲಯದಲ್ಲಿ ಭಾರತೀಯ ಯಂತ್ರಜ್ಞರೇ ರೂಪಿಸಿದ ‘ಸ್ವರಾಜ್’ ೧೯೭೪ರಲ್ಲಿ ಪಂಜಾಬಿನಲ್ಲಿ ಸಿದ್ಧವಾಯಿತು. ಬೆಂಗಳೂರಿನಲ್ಲಿ ೧೯೬೭ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಕಾರದಿಂದ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆಯು ಕೈಯಲ್ಲಿ ಹಿಡಿದು ನಡೆಸುವ ಪವರ್ ಟಿಲ್ಲರುಗಳನ್ನು ಕನ್ನಡದ ಗದ್ದೆಗಳಿಗೆ ತಂದಿತು. ಮುಂದೆ ಪುಟ್ಟ ಟ್ರ್ಯಾಕ್ಟರುಗಳನ್ನೂ ತಯಾರಿಸಿತು. ಈಗ ಸುಮಾರು ೧೫ರಿಂದ ೩೦ ಅಶ್ವಶಕ್ತಿಯವರೆಗಿನ ಪುಟ್ಟ ಟ್ರ್ಯಾಕ್ಟರುಗಳನ್ನು ಅನೇಕ ಕಂಪೆನಿಗಳು ಮಾರುತ್ತಿವೆ. ೨೦೧೫–೧೬ರ ಕೃಷಿ ಗಣತಿಯಂತೆ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತಾರ ೧.೩೬ ಹೆಕ್ಟೇರು, ಎಂದರೆ ಸುಮಾರು ೩ ಎಕರೆ ೧೪ ಗುಂಟೆ. ಇಷ್ಟು ನೆಲವಿರುವ ನಾಡಿನಲ್ಲಿ ಪುಟ್ಟ ಯಂತ್ರಕ್ಕೆ ಗಿರಾಕಿಗಳು ಹೆಚ್ಚಿದುದು ಸಹಜವೇ.

ಆದರೆ ಪುಟ್ಟದು ಎಲ್ಲ ನೆಲಕ್ಕೂ ಒಗ್ಗುವುದೆಂದು ತಿಳಿಯಬಾರದು. ವಿಜಯಪುರದ ಕಡೆಯ ಎರೆಭೂಮಿಯಲ್ಲಿ ಬೇರೂರಿದ ಕರಿಕೆಯನ್ನು ಆಳವಾಗಿ ಮಗುಚಬೇಕಾದರೆ ದೊಡ್ಡ ಟ್ರ್ಯಾಕ್ಟರೇ ಬೇಕು. ಅದನ್ನು ಕೆಲವು ವರ್ಷಗಳಿಗೊಮ್ಮೆ ಬಾಡಿಗೆಗೆ ಕರೆಸಿದರೆ ಸಾಕು. ಮಲೆನಾಡಿನ ಕೆಸರುಗದ್ದೆಯ ಸಣ್ಣ ಸಣ್ಣ ಮಡಿಗಳಲ್ಲಿ ಟಿಲ್ಲರೇ ಮೇಲು. ಕಣಿವೆಯ ಅಡಕೆ ತೋಟಗಳಲ್ಲಿ ಸಾಲುಗಳ ನಡುವೆ ಬಸಿಗಾಲುವೆಗಳಿರುವುದರಿಂದ ನಾಲ್ಕು ಗಾಲಿಯ ವಾಹನಕ್ಕೆ ದಾರಿಯೇ ಇಲ್ಲ. ಪುಟ್ಟ ಟ್ರ್ಯಾಕ್ಟರಿನ ನಿಜವಾದ ರಾಜ್ಯವೆಂದರೆ ಬಯಲುಸೀಮೆಯ ತೆಂಗು, ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಸಮತಲದ ಅಡಕೆ, ದ್ರಾಕ್ಷಿ ದಾಳಿಂಬೆಗಳ ಸಾಲು, ಕೋಲಾರ ಚಿಕ್ಕಬಳ್ಳಾಪುರಗಳ ಕಡೆ ಐದಡಿಯ ಓಣಿ ಬಿಟ್ಟು ಜೋಡಿ ಸಾಲಿನಲ್ಲಿ ಬೆಳೆದ ಹಿಪ್ಪುನೇರಳೆ. ಅಲ್ಲಿಯೂ ಮರಗಳ ಬುಡವನ್ನು ಬಿಟ್ಟು ದೂರದಲ್ಲಿಯೇ ಉಳಬೇಕು. ತೆಂಗು ಅಡಕೆಗಳ ಬೇರು ಮೇಲುಮಣ್ಣಿನಲ್ಲಿ ಹರಡಿಕೊಳ್ಳುವಂಥದು. ಕಳೆ ಕೀಳುವ ಹುಮ್ಮಸ್ಸಿನಲ್ಲಿ ಬೇರನ್ನು ಕತ್ತರಿಸಿದರೆ ಅದರ ಫಲವನ್ನು ಮುಂದಿನ ಗೊನೆಗಳೇ ಹೇಳುತ್ತವೆ.

ಹೊಲವನ್ನು ಅಳೆದ ಮೇಲೆ ಗಂಟೆಗಳನ್ನು ಎಣಿಸಬೇಕು. ತಿಪಟೂರಿನ ಕಡೆಯ ಒಂದು ಮನೆತನವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವರಿಗೆ ೬ ಎಕರೆ ಭೂಮಿ: ಮೂರು ಎಕರೆ ತೆಂಗು, ಎರಡು ಎಕರೆ ರಾಗಿ, ಒಂದು ಎಕರೆ ಅಡಕೆ. ಪುಟ್ಟ ಟ್ರ್ಯಾಕ್ಟರು ಮೂರಡಿ ಅಗಲದ ರೋಟವೇಟರನ್ನು ಹೊತ್ತು ಗಂಟೆಗೆ ೩ ಕಿಲೋಮೀಟರಿನ ವೇಗದಲ್ಲಿ ನಡೆದರೆ, ತಿರುವು ತಂಗುಗಳನ್ನು ಕಳೆದು, ಗಂಟೆಗೆ ಸುಮಾರು ಅರ್ಧ ಎಕರೆಯನ್ನು ಮುಗಿಸುತ್ತದೆ. ಆರು ಎಕರೆಗೆ ಒಂದು ಸುತ್ತಿಗೆ ೧೨ ಗಂಟೆ. ವರ್ಷಕ್ಕೆ ನಾಲ್ಕು ಸುತ್ತೆಂದರೆ ೪೮ ಗಂಟೆ. ಗೊಬ್ಬರ ಸಾಗಿಸುವುದು, ಔಷಧ ಸಿಂಪಡಿಸುವುದು, ಕಾಯಿ ಹೊರುವುದು ಎಂದು ಇನ್ನೊಂದು ೫೦ ಗಂಟೆಯನ್ನು ಸೇರಿಸಿದರೂ ಒಟ್ಟು ನೂರನ್ನು ದಾಟುವುದಿಲ್ಲ. ವರ್ಷದಲ್ಲಿರುವ ಗಂಟೆಗಳು ೮,೭೬೦. ಉಳಿದ ೮,೬೬೦ ಗಂಟೆಗಳಲ್ಲಿಯೂ ಯಂತ್ರವು ಕೊಟ್ಟಿಗೆಯಲ್ಲಿ ನಿಂತೇ ಇರುತ್ತದೆ; ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಲೆಕ್ಕಕ್ಕಾಗಿ ಟ್ರ್ಯಾಕ್ಟರಿಗೂ ಅದರ ಉಪಕರಣಗಳಿಗೂ ಕೂಡಿ ೫ ಲಕ್ಷ ರೂಪಾಯಿ ಹಿಡಿಯೋಣ. ಹತ್ತು ವರ್ಷಗಳ ಬಳಿಕ ಮಾರಿದರೆ ಒಂದು ಲಕ್ಷ ಬಂದೀತು ಎಂದುಕೊಂಡರೂ ವರ್ಷಕ್ಕೆ ೪೦ ಸಾವಿರ ಸವಕಳಿ. ತೊಡಗಿಸಿದ ಹಣ ಸರಾಸರಿ ೩ ಲಕ್ಷ. ಶೇಕಡ ೧೦ರಂತೆ ಬಡ್ಡಿ ೩೦ ಸಾವಿರ. ವಿಮೆ, ಎಣ್ಣೆ ಬದಲಾವಣೆ, ಸಣ್ಣಪುಟ್ಟ ದುರಸ್ತಿಗೆ ೧೦ ಸಾವಿರ. ಒಟ್ಟು ೮೦ ಸಾವಿರ. ನೂರು ಗಂಟೆ ದುಡಿದರೆ ಗಂಟೆಗೆ ೮೦೦ ರೂಪಾಯಿ ಬಿದ್ದಿತು. ಡೀಸೆಲಿನ ವೆಚ್ಚವೂ ಚಾಲಕನ ಕೂಲಿಯೂ ಇದರಲ್ಲಿ ಸೇರಿಲ್ಲ. ಅದೇ ಯಂತ್ರ ೪೦೦ ಗಂಟೆ ದುಡಿದರೆ, ದುರಸ್ತಿ ತುಸು ಹೆಚ್ಚಿದರೂ, ಈ ಭಾರ ಗಂಟೆಗೆ ೨೦೦ ರೂಪಾಯಿಯ ಆಸುಪಾಸಿಗೆ ಇಳಿಯುತ್ತದೆ. ಬೆಲೆಬಡ್ಡಿಗಳು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದರೆ ಲೆಕ್ಕದ ರೀತಿ ಬದಲಾಗದು. ತಮ್ಮ ಅಂಕಿಗಳನ್ನು ಇದರಲ್ಲಿ ತುಂಬಿ, ಊರಿನಲ್ಲಿ ನಡೆಯುವ ಬಾಡಿಗೆಯ ದರದೊಡನೆ ಹೋಲಿಸಿ ನೋಡುವುದು ಒಂದು ಸಂಜೆಯ ಕೆಲಸ. ಕರ್ನಾಟಕ ಸರ್ಕಾರವು ೨೦೧೪–೧೫ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯ ಬಾಡಿಗೆ ಕೇಂದ್ರಗಳ ದರವನ್ನೂ ಈ ಹೋಲಿಕೆಗೆ ಹಿಡಿಯಬಹುದು.

ಲೆಕ್ಕವೇ ಕೊನೆಯ ಮಾತಾಗಿದ್ದರೆ ಆರು ಎಕರೆಯವರು ಯಾರೂ ಟ್ರ್ಯಾಕ್ಟರನ್ನು ಕೊಳ್ಳಬೇಕಾಗಿರಲಿಲ್ಲ. ಆದರೆ ಬೇಸಾಯಗಾರನಿಗೆ ‘ಹದ’ ಎಂಬುದೊಂದುಂಟು. ಮಳೆ ಬಿದ್ದ ಮೇಲೆ ಮಣ್ಣು ಅಂಟದೆ, ಗಟ್ಟಿಯಾಗದೆ, ಉಳುವುದಕ್ಕೆ ತಕ್ಕ ಸ್ಥಿತಿಯಲ್ಲಿರುವುದು ಕೆಲವೇ ದಿನಗಳು. ಅಷ್ಟರಲ್ಲಿ ಉತ್ತು ಬಿತ್ತಿದರೆ ಬೆಳೆ. ತಪ್ಪಿದರೆ ಮುಂದಿನ ಮಳೆಯ ದಾರಿ ಕಾಯುವುದು. ಆ ದಿನಗಳಲ್ಲಿ ಊರಿನವರೆಲ್ಲರಿಗೂ ಟ್ರ್ಯಾಕ್ಟರು ಬೇಕು. ಬಾಡಿಗೆಯವನು ಮೊದಲು ಹತ್ತು ಎಕರೆಯವನ ಹೊಲಕ್ಕೆ ಹೋಗುತ್ತಾನೆ, ಆಮೇಲೆ ರಸ್ತೆಯ ಪಕ್ಕದವನ ಹೊಲಕ್ಕೆ. ಮೂಲೆಯ ಎರಡು ಎಕರೆಯವನ ಸರದಿ ಬರುವ ಹೊತ್ತಿಗೆ ಹದ ಆರಿರುತ್ತದೆ. ಈ ಕೆಲವು ದಿನಗಳ ಸ್ವಾತಂತ್ರ್ಯಕ್ಕಾಗಿಯೇ ರೈತನು ವರ್ಷವಿಡೀ ಕಂತು ಕಟ್ಟಲು ಒಪ್ಪುವುದು. ಪಟ್ಟಣದಲ್ಲಿರುವ ಅಣ್ಣನಿಗೆ ಅರ್ಥವಾಗದೆ, ಊರಿನಲ್ಲಿರುವ ತಮ್ಮನಿಗೆ ವಿವರಿಸಿ ಹೇಳಲು ಬಾರದೆ ಮನಸ್ತಾಪಕ್ಕೆ ಕಾರಣವಾಗುವುದೂ ಇದೇ.

ತಿಪಟೂರಿನ ಆ ಮನೆಯಲ್ಲಿ ಮಾತು ಹೀಗೆ ನಡೆಯುವುದನ್ನು ಊಹಿಸುವುದು ಕಷ್ಟವಲ್ಲ.

“ತೊಗೊಳ್ಳೋದಾದರೆ ಐವತ್ತು ಎಚ್.ಪಿ.ದೇ ತೊಗೊಳ್ಳೋಣವೋ. ನಾಲ್ಕು ಜನ ನೋಡಿದರೆ ಲಕ್ಷಣವಾಗಿರಬೇಕು,” ಎನ್ನುತ್ತಾನೆ ಅಣ್ಣ.

“ಲಕ್ಷಣವೇನೋ ಸರಿ ಅಣ್ಣ. ಅದನ್ನ ತೋಟದ ಬಾಗಿಲಲ್ಲಿ ನಿಲ್ಲಿಸಿ ಪೂಜೆ ಮಾಡಬೇಕು ಅಷ್ಟೆ. ಅಡಕೆ ಸಾಲಿನಲ್ಲಿ ಅದು ತಿರುಗೋದೆಲ್ಲಿ?”

“ಹಾಗಾದರೆ ಯಾವುದು ಬೇಕೂಂತ ನೀನೇ ಹೇಳಪ್ಪ.”

“ಯಾವುದೂ ಬೇಡ ಅಂದರೂ ನಡೆಯುತ್ತೆ. ಆದರೆ ಹೋದ ವರ್ಷ ರಾಗಿ ಬಿತ್ತೋಕೆ ಬಾಡಿಗೆಯವನ ಮನೆ ಮುಂದೆ ನಾಲ್ಕು ದಿವಸ ನಿಂತಿದ್ದೆ, ಅದನ್ನ ನಿನಗೆ ಹೇಳಿರಲಿಲ್ಲ.”

ಅಲ್ಲಿಯವರೆಗೆ ಸುಮ್ಮನಿದ್ದ ಅತ್ತಿಗೆ ಒಂದು ಮಾತನ್ನು ಸೇರಿಸುತ್ತಾಳೆ: “ಕಂತು ಬರೋ ತಿಂಗಳೇ ಮಗಳ ಕಾಲೇಜಿನ ಫೀಜೂ ಬರುತ್ತೆ. ಎರಡನ್ನೂ ಬರೆದಿಟ್ಟುಕೊಂಡು ಮಾತಾಡಿ.”

ಮೂವರ ಮಾತಿನಲ್ಲಿಯೂ ನಿಜವುಂಟು. ಆದರೆ ಯಂತ್ರವನ್ನು ಆರಿಸುವ ಅಧಿಕಾರ ಮಾತ್ರ ಅದರ ಮೇಲೆ ಕೂರುವವನಿಗೆ ಸೇರಬೇಕಾದುದು. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆ ಎತ್ತಿನ ಕಾಲದ್ದಾದರೂ ಟ್ರ್ಯಾಕ್ಟರಿನ ಕಾಲಕ್ಕೂ ಸಲ್ಲುತ್ತದೆ. ಹಣ ಕೊಡುವವನೊಬ್ಬ, ನಡೆಸುವವನೊಬ್ಬ ಆದಾಗ ಕೆಲವು ಸಂಗತಿಗಳನ್ನು ಮೊದಲೇ ಕಾಗದದ ಮೇಲೆ ಬರೆದಿಡುವುದು ನೆಂಟಸ್ತಿಕೆಗೆ ಕುಂದಲ್ಲ. ನೋಂದಣಿ ಯಾರ ಹೆಸರಿನಲ್ಲಿ, ಸಾಲ ಯಾರ ಮೇಲೆ, ದುರಸ್ತಿಯ ಖರ್ಚು ಯಾರದು, ನೆರೆಯವರ ಹೊಲವನ್ನು ಉತ್ತು ಬಂದ ಹಣ ಯಾರಿಗೆ — ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಕೊಂಡ ಟ್ರ್ಯಾಕ್ಟರು ಹೊಲವನ್ನು ಉಳುವುದಕ್ಕೆ ಮೊದಲೇ ಮನೆಯನ್ನು ಎರಡು ಭಾಗ ಮಾಡೀತು. ಸಾಲದ ಕಂತುಗಳನ್ನು ತಿಂಗಳಿಗೊಮ್ಮೆ ಇಡದೆ ಬೆಳೆ ಕೈಗೆ ಬರುವ ಕಾಲಕ್ಕೆ ಹೊಂದುವಂತೆ ಆರು ತಿಂಗಳಿಗೊಮ್ಮೆ ಇಡುವ ಪದ್ಧತಿಯೂ ಬ್ಯಾಂಕುಗಳಲ್ಲಿ ಉಂಟು. ಅದನ್ನು ಕೇಳಿ ಪಡೆಯಬೇಕು.

ಇಷ್ಟಾದ ಮೇಲೆ ಅಂಗಡಿಗೆ ಹೋಗಬಹುದು. ಅಲ್ಲಿ ಮೊದಲು ಕಿವಿಗೆ ಬೀಳುವ ಮಾತು ಅಶ್ವಶಕ್ತಿ. ಒಂದು ಅಶ್ವಶಕ್ತಿಯೆಂದರೆ ಸುಮಾರು ೭೪೬ ವ್ಯಾಟ್. ಆದರೆ ಮಾರುವವನು ಹೇಳುವುದು ಎಂಜಿನ್ನಿನ ಶಕ್ತಿ. ಕೊಳ್ಳುವವನಿಗೆ ಮುಖ್ಯವಾದುದು ಹಿಂಬದಿಯ ತಿರುಗುವ ದಂಡಕ್ಕೆ, ಎಂದರೆ ಪಿ.ಟಿ.ಓ.ಗೆ, ತಲುಪುವ ಶಕ್ತಿ. ರೋಟವೇಟರನ್ನೂ ಔಷಧದ ಪಂಪನ್ನೂ ತಿರುಗಿಸುವುದು ಅದೇ. ಗೇರುಗಳ ನಡುವೆ ಒಂದಷ್ಟು ಶಕ್ತಿ ಸೋರಿಹೋಗುವುದರಿಂದ ಅದು ಯಾವಾಗಲೂ ಎಂಜಿನ್ನಿನ ಶಕ್ತಿಗಿಂತ ಕಡಮೆಯೇ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿಗಳನ್ನು ಕೊಡುತ್ತದೆ. ಪಿ.ಟಿ.ಓ. ಶಕ್ತಿ, ಎಳೆಯುವ ಬಲ, ಎತ್ತುವ ಬಲ, ಇಂಧನದ ವೆಚ್ಚ — ಇವನ್ನೆಲ್ಲ ಅದರಲ್ಲಿ ಕಾಣಬಹುದು. ಬಣ್ಣದ ಚಿತ್ರಗಳ ಪುಸ್ತಿಕೆಗಿಂತ ಆ ವರದಿಯನ್ನು ಕೇಳುವ ಗಿರಾಕಿಯನ್ನು ಮಾರುವವನು ಬೇರೆಯ ಕಣ್ಣಿನಿಂದ ನೋಡುತ್ತಾನೆ.

ಎರಡನೆಯದಾಗಿ ಅಗಲ. ಸಾಲಿನ ಅಂತರವನ್ನು ಅಳೆದ ದಾರವನ್ನೇ ಅಂಗಡಿಗೆ ಒಯ್ದು, ಟ್ರ್ಯಾಕ್ಟರಿನ ಹೊರಗಾಲಿಗಳ ಅಗಲಕ್ಕೂ ರೋಟವೇಟರಿನ ಅಗಲಕ್ಕೂ ಹಿಡಿದು ನೋಡಬೇಕು. ಗಾಲಿಯ ಗುರುತು ರೋಟವೇಟರಿನ ಅಗಲದೊಳಗೆ ಅಡಗದಿದ್ದರೆ, ಉತ್ತ ಮಣ್ಣಿನ ಬದಿಯಲ್ಲಿಯೇ ತುಳಿದು ಗಟ್ಟಿಯಾದ ಮಣ್ಣು ಉಳಿಯುತ್ತದೆ. ಮೂರನೆಯದಾಗಿ ನಾಲ್ಕು ಗಾಲಿಗಳಿಗೂ ಶಕ್ತಿ ಹರಿಯುವ ಏರ್ಪಾಡು. ಹಗುರವಾದ ಯಂತ್ರ ಒದ್ದೆ ನೆಲದಲ್ಲಿ ಜಾರದಿರಲು ಇದು ದೊಡ್ಡ ನೆರವು. ನಾಲ್ಕನೆಯದು ಇವೆಲ್ಲಕ್ಕಿಂತ ಹೆಚ್ಚಿನದು: ಬಿಡಿಭಾಗಗಳೂ ಬಲ್ಲ ಮೆಕ್ಯಾನಿಕ್ಕನೂ ಎಷ್ಟು ದೂರದಲ್ಲಿದ್ದಾರೆ? ಅರಸೀಕೆರೆಯಲ್ಲಿ ಸಿಕ್ಕುವ ಬೆಲ್ಟಿಗೂ ಬೆಂಗಳೂರಿನಿಂದ ಬರಬೇಕಾದ ಬೆಲ್ಟಿಗೂ ಬೆಲೆಯಲ್ಲಿ ವ್ಯತ್ಯಾಸವಿಲ್ಲದಿರಬಹುದು, ಹದದ ದಿನಗಳಲ್ಲಿ ಮಾತ್ರ ಅಜಗಜಾಂತರ. ಹೊಸ ಯಂತ್ರವನ್ನು ಮೊದಲ ಐವತ್ತು ಗಂಟೆಗಳ ಸುಮಾರಿಗೆ ಎಣ್ಣೆ ಬದಲಾಯಿಸಿ ತಪಾಸಣೆ ಮಾಡಿಸುವುದು ವಾಡಿಕೆ. ಇದು ತಪ್ಪಿದರೆ ಗ್ಯಾರಂಟಿಯ ಮಾತಿಗೂ ತೊಡಕು ಬಂದೀತು.

ಬೆಲೆಯ ವಿಷಯದಲ್ಲಿ ಒಂದು ಅನುಕೂಲವಾಗಿದೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ಕೃಷಿ ಟ್ರ್ಯಾಕ್ಟರುಗಳ ಮೇಲಿನ ಜಿ.ಎಸ್.ಟಿ. ತೆರಿಗೆಯನ್ನು ಶೇಕಡ ೧೨ರಿಂದ ೫ಕ್ಕೆ ಇಳಿಸಲಾಯಿತು. ಹೀಗೆ ಉಳಿದ ಹಣವನ್ನು ದೊಡ್ಡ ಎಂಜಿನ್ನಿಗೆ ಸುರಿಯದೆ ಒಂದು ಒಳ್ಳೆಯ ಉಪಕರಣಕ್ಕೆ ವಿನಿಯೋಗಿಸುವವನು ಜಾಣ. ಉಪಕರಣವಿಲ್ಲದ ಟ್ರ್ಯಾಕ್ಟರು ಕೈಯಿಲ್ಲದ ಮೈಯಂತೆ.

ಇನ್ನು ಉಳಿದಿರುವುದು ಪ್ರಾಣದ ಮಾತು. ಪುಟ್ಟದೆಂಬ ಹೆಸರು ಕೇಳಿ ಅದನ್ನು ಆಟದ ಸಾಮಾನೆಂದು ಭಾವಿಸುವುದು ಪಟ್ಟಣದವರಲ್ಲಿ ಸಾಮಾನ್ಯ. ಪಿ.ಟಿ.ಓ. ದಂಡ ನಿಮಿಷಕ್ಕೆ ೫೪೦ ಸಲ, ಎಂದರೆ ಸೆಕೆಂಡಿಗೆ ೯ ಸಲ ತಿರುಗುತ್ತದೆ. ಮೂರಂಗುಲ ದಪ್ಪದ ದಂಡ ಒಂದು ಸೆಕೆಂಡಿನಲ್ಲಿ ಸುಮಾರು ಏಳು ಅಡಿ ಬಟ್ಟೆಯನ್ನು ಸುತ್ತಿಕೊಳ್ಳಬಲ್ಲುದು. ಹೆಗಲ ಮೇಲಿನ ಟವಲು, ಸಡಿಲವಾದ ಪಂಚೆ, ಸೀರೆಯ ಸೆರಗು, ದುಪಟ್ಟ — ಯಾವುದರ ತುದಿ ಸಿಕ್ಕಿದರೂ ಕೂಗುವಷ್ಟು ಹೊತ್ತೂ ಇರುವುದಿಲ್ಲ. ದಂಡದ ಮೇಲಿನ ಕವಚವನ್ನು ಬಿಚ್ಚಿ ಮೂಲೆಗೆ ಎಸೆಯುವ ಚಾಳಿಯನ್ನು ಮನೆಯ ಹಿರಿಯರು ತಡೆಯಲೇಬೇಕು.

ಮಗುಚುವ ಭಯ ಇನ್ನೊಂದು. ಬದುವಿನ ಅಂಚು, ಇಳಿಜಾರು, ಹೊತ್ತಿಗೆ ಮೀರಿದ ಅವಸರ — ಇಷ್ಟೇ ಸಾಕು. ಎಳೆಯುವ ವಸ್ತುವನ್ನು ಕೆಳಗಿನ ಕೊಂಡಿಗೆ ಕಟ್ಟದೆ ಮೇಲೆ ಕಟ್ಟಿದರೆ ಮುಂದಿನ ಗಾಲಿಗಳೆದ್ದು ಯಂತ್ರ ಹಿಂದಕ್ಕೆ ಬೀಳುತ್ತದೆ. ಸ್ವೀಡನ್ ದೇಶವು ೧೯೫೯ರಿಂದ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಕಡ್ಡಾಯ ಮಾಡಿತು. ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ತೀರ ಇಳಿದುಹೋಯಿತು. ಇಲ್ಲಿ ಕೊಳ್ಳುವವರು ಆ ಚೌಕಟ್ಟನ್ನೂ ಸೊಂಟದ ಪಟ್ಟಿಯನ್ನೂ ಕೇಳಿ ಹಾಕಿಸಿಕೊಳ್ಳುವುದು ಲೇಸು. ಚೌಕಟ್ಟಿದ್ದರೆ ಪಟ್ಟಿಯನ್ನು ಬಿಗಿಯಬೇಕು. ಪಟ್ಟಿಯಿಲ್ಲದೆ ಚೌಕಟ್ಟು ಅರ್ಧ ರಕ್ಷಣೆ. ಎಡಬಲದ ಬ್ರೇಕುಗಳು ಹೊಲದಲ್ಲಿ ಬೇರೆ ಬೇರೆಯಾಗಿರಬಹುದು. ರಸ್ತೆಗೆ ಬರುವ ಮುನ್ನ ಎರಡನ್ನೂ ಕೊಂಡಿಯಿಂದ ಒಂದುಮಾಡಲೇಬೇಕು. ಪುಟ್ಟ ಟ್ರ್ಯಾಕ್ಟರಿನ ಹಿಂದೆ ಅದರ ಯೋಗ್ಯತೆಗೆ ಮೀರಿದ ಟ್ರೈಲರನ್ನು ಕಟ್ಟಿದರೆ ಇಳಿಜಾರಿನಲ್ಲಿ ಯಾರು ಯಾರನ್ನು ಎಳೆಯುತ್ತಾರೆಂಬುದೇ ತಿಳಿಯದಾಗುತ್ತದೆ.

ಬೇಸಗೆಯ ರಜೆಗೆ ಊರಿಗೆ ಬಂದ ಮಕ್ಕಳು ಮಡ್‌ಗಾರ್ಡಿನ ಮೇಲೆ ಕೂರಲು ಹಟ ಮಾಡುತ್ತಾರೆ. ಚಿಕ್ಕಪ್ಪನೂ ಪ್ರೀತಿಯಿಂದ ಕೂರಿಸಿಕೊಳ್ಳುತ್ತಾನೆ. ತಾಯಿತಂದೆಗಳು ಫೋಟೋ ತೆಗೆಯುತ್ತಾರೆ. ಒಂದು ಹಳ್ಳ, ಒಂದು ಕುಲುಕು, ಮಗು ಹಿಂದಿನ ಗಾಲಿಯ ಮುಂದೆ. ಟ್ರ್ಯಾಕ್ಟರಿನಲ್ಲಿರುವುದು ಒಂದೇ ಆಸನ, ಅದು ಚಾಲಕನದು. ಈ ನಿಯಮವನ್ನು ಯಂತ್ರ ಮನೆಗೆ ಬಂದ ಮೊದಲನೆಯ ದಿನವೇ ಮಾಡಬೇಕು. ಎರಡನೆಯ ದಿನ ಮಾಡಿದರೆ ಮಕ್ಕಳು ಒಪ್ಪುವುದಿಲ್ಲ.

ಎಲ್ಲವನ್ನೂ ತೂಗಿ ನೋಡಿದ ಮೇಲೆ ಕೆಲವರಿಗೆ ಬಾಡಿಗೆಯೇ ಸಾಕೆಂದು ತೋರಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಕೆಲವರಿಗೆ ನೆರೆಯ ಎರಡು ಮನೆಗಳೊಡನೆ ಸೇರಿ ಕೊಳ್ಳುವುದು ಸರಿಯೆನಿಸಬಹುದು. ಹದದ ದಿನಗಳ ಸರದಿಯನ್ನು ಮಾತ್ರ ಅವರು ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳಬೇಕು. ಊರಿನಲ್ಲಿ ದುಡಿಯುವ ಕೈಯೊಂದು ಇದ್ದು, ನೂರು ಗಂಟೆಯನ್ನು ಇನ್ನೂರು ಮುನ್ನೂರಕ್ಕೆ ಏರಿಸುವ ದಾರಿಯೂ ಇದ್ದರೆ, ಆ ಮನೆಯವರು ಧಾರಾಳವಾಗಿ ಕೊಳ್ಳಲಿ. ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣಿಟ್ಟು, ಮೊದಲ ಸಾಲನ್ನು ಯಾರು ಉಳಬೇಕೆಂಬ ಪ್ರಶ್ನೆ ಬಂದಾಗ ಕೀಲಿಯನ್ನು ತಮ್ಮನ ಕೈಗೆ ಕೊಟ್ಟು, ಹಣ ಕೊಟ್ಟ ಅಣ್ಣನು ಬದುವಿನ ಮೇಲೆ ನಿಂತು ನೋಡಲಿ.